ದುಡ್ಡು ಕೊಟ್ಟು ತಂದ ಜಾಹೀರಾತು

ಸೌತ್‌ಹಾಲಿನಲ್ಲಿ ಮನೆ ಮಾಡಿರುವ ನಮಗೆ ಜಾಹೀರಾತು ಹೊಸದೇನಲ್ಲ. ಬ್ರಾಡ್‌ವೇಯಲ್ಲಿ ಜಿಲೇಬಿಯ ಘಮದ ನಡುವೆ ನಡೆದು ಬರುವಷ್ಟರಲ್ಲಿ ಕೈತುಂಬ ಕರಪತ್ರ. ಬೇಡವಾದರೆ ಕೈ ಹಿಂದಕ್ಕೆಳೆದುಕೊಂಡರಾಯಿತು. ಬಾಗಿಲಿಗೂ 'ನೋ ಜಂಕ್ ಮೇಲ್' ಎಂಬ ಚೀಟಿ ಅಂಟಿಸಿದ್ದೇವೆ; ಪಿಜ್ಜಾ ಅಂಗಡಿಯವರೊಬ್ಬರನ್ನು ಬಿಟ್ಟು ಮಿಕ್ಕವರು ಅದಕ್ಕೆ ಬೆಲೆ ಕೊಡುತ್ತಾರೆ. ಆದರೆ ಮನೆಯೊಳಗೇ ಕುಳಿತಿರುವ ಕಂಪ್ಯೂಟರಿಗೆ ಯಾವ ಚೀಟಿ ಅಂಟಿಸುವುದು?

ಹೋದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮನಿಗೆ ಕಾಫಿಯಾದ ಮೇಲೆ ಅದರಲ್ಲಿ ಅಪ್ಪನ ಹಳೆಯ ಫೋಟೋಗಳನ್ನು ನೋಡುವ ಅಭ್ಯಾಸ. ಇದ್ದಕ್ಕಿದ್ದಂತೆ ನಾಲ್ಕು ದಿನ ಅತ್ತ ಸುಳಿಯಲಿಲ್ಲ. ಕೇಳಿದರೆ "ಏನಿಲ್ಲ ಬಿಡ್ರಪ್ಪ" ಎಂದರು. ಐದನೆಯ ದಿನ ಮೆಲ್ಲಗೆ, "ನೀವು ಬಾಡಿಗೆ ಕಟ್ಟಿಲ್ವೇನ್ರೋ? ಕಟ್ಟದಿದ್ರೆ ಫೋಟೋ ಎಲ್ಲಾ ಹೋಗ್ತವೆ ಅನ್ನೋ ಹಾಗೆ ಬಂತಲ್ಲ. ನಾನು ಮುಟ್ಟಿ ಹೆಚ್ಚುಕಮ್ಮಿ ಆದ್ರೆ?" ಎಂದು ಕೇಳಿದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಇಂಗ್ಲಿಷ್ ಬಾರದೆ ಅಲ್ಲ. ಪರದೆಯ ಮೂಲೆಯಲ್ಲಿ ಮೂಡಿದ್ದ ಆ ಚೌಕ ಎಚ್ಚರಿಕೆಯಲ್ಲ, ಫೈಲು ಇಟ್ಟುಕೊಳ್ಳುವ ಜಾಗದ ಮಾರಾಟ. ಆದರೆ ನಿಜವಾದ ಎಚ್ಚರಿಕೆ ಬರುವುದೂ ಅದೇ ಮೂಲೆಯಲ್ಲಿ, ಅದೇ ಅಕ್ಷರದಲ್ಲಿ. ಅಮ್ಮ ಹೆದರಿದ್ದರಲ್ಲಿ ತಪ್ಪೇನು?

ಇದು ಇಂದಿನ ಕಥೆಯೂ ಅಲ್ಲ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಮೈಕ್ರೋಸಾಫ್ಟ್ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯ ಆ ದಿನದ ಪ್ರತಿಗಳನ್ನೆಲ್ಲ ಕೊಂಡು ಪುಕ್ಕಟೆ ಹಂಚಿಸಿತು. ಅಂದು ಜಾಹೀರಾತಿನ ಜೊತೆ ಪತ್ರಿಕೆಯಾದರೂ ಬಿಟ್ಟಿ ಸಿಕ್ಕಿತು! ಮೂರು ವರ್ಷಗಳಲ್ಲಿ ವಿಂಡೋಸ್ 98ರ ಪರದೆಯ ಮೇಲೆಯೇ ಕಂಪನಿಗಳ 'ಚಾನೆಲ್' ಪಟ್ಟಿ ಬಂದು ಕೂತಿತು. 2015ರ ವಿಂಡೋಸ್ 10ರ ಜೊತೆ ಕ್ಯಾಂಡಿ ಕ್ರಷ್ ಆಟ. 2024ರ ಏಪ್ರಿಲ್‌ನಲ್ಲಿ ವಿಂಡೋಸ್ 11ರ ಸ್ಟಾರ್ಟ್ ಪಟ್ಟಿಗೆ ಅಂಗಡಿಯ ಆಪ್‌ಗಳ 'ಶಿಫಾರಸು'. ಜಾಹೀರಾತು ಎಂದು ಕರೆಯಲು ಅವರಿಗೂ ಸಂಕೋಚವೇನೋ!

ವಿಂಡೋಸ್ 11 ಇರುವ ಸದಸ್ಯರು ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಸ್ಟಾರ್ಟ್ ಎಂದು ಒಳಹೊಕ್ಕು, ರೆಕಮೆಂಡೇಷನ್ಸ್ ತೋರಿಸು ಎಂಬರ್ಥದ ಗುಂಡಿಯನ್ನು ಬಂದ್ ಮಾಡಬಹುದು. ಮಿಕ್ಕ ಗುಂಡಿಗಳು ಬೇರೆ ಬೇರೆ ಕಡೆ ಅಡಗಿವೆ. ನಮ್ಮ ಯಂತ್ರದಲ್ಲಿ ಅವನ್ನು ಹುಡುಕುವುದರಲ್ಲೇ ಒಂದು ಭಾನುವಾರ ಕಳೆಯಿತು, ಸಾರು ಸೀದಿತು.

ಅಮ್ಮ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತರು. ಆದರೂ ಊರಿಗೆ ಹೊರಡುವ ಮುನ್ನ ಅಪ್ಪನ ನಲವತ್ತು ಫೋಟೋಗಳನ್ನು ಬ್ರಾಡ್‌ವೇಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡರು. ಲಕೋಟೆಯ ಹಿಂಬದಿಯಲ್ಲಿ ಸ್ಟುಡಿಯೋದವರ ಜಾಹೀರಾತು ದೊಡ್ಡದಾಗಿಯೇ ಇತ್ತು. ಅದಕ್ಕೆ ಅಮ್ಮ ಏನೂ ಅನ್ನಲಿಲ್ಲ.