ನನ್ನ ಓರೆ ಬೆನ್ನೂ ಬರಿಗೈ ವಿದ್ಯೆಯೂ

ವಾರ್ಷಿಕ ಸಂಚಿಕೆಗೆ ಶಿಕ್ಷಕರೂ ಏನಾದರೊಂದು ಬರೆಯಲೇಬೇಕೆಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಪಟ್ಟು ಹಿಡಿದಾಗ, ಸಂಧಿ ಸಮಾಸಗಳ ಮೇಲೊಂದು ಲೇಖನವನ್ನು ಬರೆದುಕೊಟ್ಟು ಪಾರಾಗೋಣವೆಂದಿದ್ದೆ. ಅವರು ಬಿಡಲಿಲ್ಲ. "ಸರ್, ನೀವು ಕರಾಟೆ ಕಲಿಯುತ್ತಿರುವುದು ನಿಜವೇ? ಅದನ್ನೇ ಬರೆಯಿರಿ" ಎಂದರು. ಗುಟ್ಟು ಬಯಲಾದ ಮೇಲೆ ಮುಚ್ಚಿಟ್ಟು ಫಲವೇನು? ಮುಚ್ಚಿಡುವುದರಿಂದ ನನಗಾದ ಕೇಡನ್ನು ಕುರಿತೇ ಈ ನಾಲ್ಕು ಮಾತುಗಳು.

ನನ್ನೂರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಹನುಮಂತದೇವರ ಗುಡಿಯ ಹಿಂದೆ ಒಂದು ಗರಡಿಮನೆಯುಂಟು. ನನ್ನ ಅಜ್ಜನವರು ಅದರ ಕೆಮ್ಮಣ್ಣಿನಲ್ಲಿಯೇ ಹೊರಳಿ ಬೆಳೆದವರು. ನಾನು ಹನ್ನೆರಡು ವರ್ಷದವನಿದ್ದಾಗ, ಒಂದು ನಾಗರಪಂಚಮಿಯ ಮುಂಜಾನೆ, ಅಂಗಿಯನ್ನು ಬಿಚ್ಚಿಟ್ಟು ಆ ಮಣ್ಣಿಗೆ ಇಳಿಯಲು ಸಿದ್ಧನಾದೆ. ಗರಡಿಯ ಹಿರಿಯರೊಬ್ಬರು ನನ್ನನ್ನು ಹಿಂದುಮುಂದು ತಿರುಗಿಸಿ ನೋಡಿದರು. ನನ್ನ ಬಲ ಭುಜವು ಎಡ ಭುಜಕ್ಕಿಂತ ಒಂದು ಬೆರಳಿನಷ್ಟು ಮೇಲಿದ್ದಿತು. ಬೆನ್ನ ನಡುವಿನ ಗೆರೆ ನೆಟ್ಟಗಿರದೆ ಒಂದು ಬದಿಗೆ ವಾಲಿದ್ದಿತು. ಸುತ್ತ ನಿಂತ ಹುಡುಗರು ನಕ್ಕರು. ನನ್ನ ತಂದೆಯವರು ಅಂಗಿಯನ್ನು ನನ್ನ ಕೈಗಿತ್ತು, "ಈ ಹುಡುಗಗ ತಾಲೀಮು ಬ್ಯಾಡ. ಪುಸ್ತಕ ಸಾಕು" ಎಂದರು.

ಅದು ಪ್ರೀತಿಯಿಂದ ಆಡಿದ ಮಾತೇ. ಆದರೆ ಅಂದಿನಿಂದ ನಾನು ಯಾರೆದುರಿಗೂ ಅಂಗಿ ಬಿಚ್ಚಲಿಲ್ಲ. ಗೆಳೆಯರೊಡನೆ ಬಾವಿಗೆ ಈಜಲು ಹೋಗಲಿಲ್ಲ. ಆಟದ ಅವಧಿ ಬಂದಿತೆಂದರೆ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿದ್ದಿತು. ತಂದೆಯವರು ಹೇಳಿದಂತೆ ಪುಸ್ತಕವನ್ನೇ ಹಿಡಿದೆ. ಕನ್ನಡದಲ್ಲಿಯೇ ಓದಿ ಪರೀಕ್ಷೆಗಳನ್ನು ದಾಟಿದೆ. ಹೊಟ್ಟೆಪಾಡನ್ನು ಅರಸಿ ಮುಂಬಯಿಗೆ ಬಂದು, ಸೀಮೆಸುಣ್ಣವನ್ನು ಹಿಡಿದು ನಿಮ್ಮೆದುರು ನಿಂತೆ.

ಎರಡು ವರ್ಷಗಳ ಕೆಳಗೆ, ನನಗೆ ೩೪ ತುಂಬಿದಾಗ, ನಮ್ಮ ಚಾಳಿನ ಎದುರಿನ ಸಭಾಗೃಹದಲ್ಲಿ ಸಂಜೆಯ ಕರಾಟೆ ತರಗತಿ ಪ್ರಾರಂಭವಾಯಿತು. ನಾನು ದಿನವೂ ಕಿಟಕಿಯ ಸರಳುಗಳನ್ನು ಹಿಡಿದು ನೋಡುತ್ತಿದ್ದೆ. ಅಲ್ಲಿಯ ಗುರುಗಳು ನನಗಿಂತ ಎಂಟು ವರ್ಷ ಕಿರಿಯರಾದ ಮರಾಠಿ ತರುಣರು. ಒಂದು ದಿನ ಅವರೇ ಹೊರಗೆ ಬಂದು, "ಗುರೂಜಿ, ಕಿಟಕಿಯಿಂದ ಯಾವ ವಿದ್ಯೆಯೂ ಬರುವುದಿಲ್ಲ. ಒಳಗೆ ಬನ್ನಿ" ಎಂದು ನಕ್ಕರು. ನಾನು ಒಳಗೆ ಹೋದೆ. ಸೇರುವವರು ತುಂಬಬೇಕಾದ ಕಾಗದದಲ್ಲಿ, "ಯಾವುದಾದರೂ ಕಾಯಿಲೆ ಅಥವಾ ಹಳೆಯ ನೋವು ಇದೆಯೇ?" ಎಂಬ ಪ್ರಶ್ನೆಯಿದ್ದಿತು. "ಇಲ್ಲ" ಎಂದು ಬರೆದೆ. ಸುಳ್ಳು ಹೇಳಬಾರದೆಂದು ನಿಮಗೆ ಬೋಧಿಸುವ ಕೈಯೇ ಆ ಸುಳ್ಳನ್ನು ಬರೆಯಿತು.

ಕರಾಟೆ ಎಂಬ ಜಪಾನೀ ಶಬ್ದಕ್ಕೆ 'ಬರಿಗೈ' ಎಂದರ್ಥ. ಇದನ್ನು ಓಕಿನಾವಾ ದ್ವೀಪದಿಂದ ೧೯೨೨ರಲ್ಲಿ ಟೋಕಿಯೋ ನಗರಕ್ಕೆ ತಂದು ಪ್ರದರ್ಶಿಸಿದವರು ಗಿಚಿನ್ ಫುನಾಕೋಶಿ. ೧೮೬೮ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಬಹಳ ದುರ್ಬಲರಾಗಿದ್ದರು. ದೊಡ್ಡವರಾದ ಮೇಲೆ ಶಾಲಾಮಾಸ್ತರರಾಗಿದ್ದರು. ಇದನ್ನು ಓದಿದಾಗ ನನಗಾದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ. ದುರ್ಬಲ ಬಾಲಕ, ಶಾಲಾಮಾಸ್ತರ ಎಂಬ ಎರಡು ಅರ್ಹತೆಗಳು ನನಗಾಗಲೇ ಇದ್ದವು! ಕರಾಟೆಯೊಂದೇ ಬಾಕಿಯಿದ್ದಿತು.

ಮೊದಲ ಮೂರು ತಿಂಗಳು ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ಬಿಳಿಯ ಪಟ್ಟಿ ಕಟ್ಟಿ ನಿಂತೆ. ಗುರುಗಳು ದಿನವೂ ಬಂದು ನನ್ನ ಬಲ ಭುಜವನ್ನು ಮೆಲ್ಲನೆ ಒತ್ತಿ, "ಸಮ ಮಾಡಿ, ಗುರೂಜಿ" ಎನ್ನುವರು. ಅವರು ಮುಂದೆ ಸಾಗಿದೊಡನೆ ಅದು ಮತ್ತೆ ಮೇಲೇರುವುದು. ಅವರನ್ನು ಮೆಚ್ಚಿಸಲು ನಾನು ಸೊಂಟವನ್ನು ತಿರುಚಿ, ಉಸಿರು ಕಟ್ಟಿ, ಭುಜವನ್ನು ಬಲವಂತದಿಂದ ಇಳಿಸಿ ನಿಲ್ಲುತ್ತಿದ್ದೆ. ಕಾಲನ್ನು ಎದೆಯೆತ್ತರಕ್ಕೆ ಒದೆಯಲು ಹೆಣಗುತ್ತಿದ್ದೆ. ಸೆಪ್ಟೆಂಬರಿನ ಒಂದು ಸಂಜೆ ಸೊಂಟದ ಎಡಭಾಗದಲ್ಲಿ ಚಳಕು ಹಿಡಿದು, ಕುಳಿತವನು ಏಳದಾದೆ. ಗುರುಗಳು ಪಕ್ಕದಲ್ಲಿ ಮಂಡಿಯೂರಿ ಕುಳಿತು ಏನಾಯಿತೆಂದು ಕೇಳಿದಾಗ, ಇಪ್ಪತ್ತೆರಡು ವರ್ಷ ಮುಚ್ಚಿಟ್ಟ ಮಾತು ಹೊರಗೆ ಬಂದಿತು.

ಅವರು ಸಿಟ್ಟಾಗಲಿಲ್ಲ. "ನಿಮ್ಮ ಶಾಲೆಯ ಹುಡುಗನೊಬ್ಬ ತನಗೆ ಹಲಗೆ ಕಾಣಿಸುವುದಿಲ್ಲವೆಂದು ನಿಮಗೆ ಹೇಳದೆ ಕುಳಿತರೆ, ನೀವು ಪಾಠ ಹೇಳುವುದಾದರೂ ಹೇಗೆ, ಗುರೂಜಿ? ವೈದ್ಯರು ಒಪ್ಪುವವರೆಗೆ ಇಲ್ಲಿ ಕಾಲಿಡಬೇಡಿ" ಎಂದರು. ಹುಟ್ಟಿದ್ದಕ್ಕೆ ಮೊದಲ ಬಾರಿ ಎಲುಬಿನ ವೈದ್ಯರ ಬಾಗಿಲಿಗೆ ಹೋದೆ. ಅವರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಗೆರೆಗಳನ್ನೆಳೆದು, ನನ್ನ ಓರೆಯನ್ನು ಅಳೆದರು. ಅದು ೧೪ ಡಿಗ್ರಿ! ಅಷ್ಟು ವರ್ಷ ನನ್ನ ಮನಸ್ಸಿನಲ್ಲಿ ಬೆಟ್ಟದಷ್ಟು ಬೆಳೆದಿದ್ದುದು ಕೋನಮಾಪಕದ ಒಂದು ಮೂಲೆಯಲ್ಲಿ ಅಡಗಿ ಹೋಯಿತು.

ವೈದ್ಯರಿಂದ ತಿಳಿದುದನ್ನು ನಿಮಗೂ ಹೇಳುತ್ತೇನೆ. ಬೆನ್ನೆಲುಬಿನಲ್ಲಿ ಹುಟ್ಟುವಾಗ ಸುಮಾರು ೩೩ ಕಶೇರುಗಳಿದ್ದು, ದೊಡ್ಡವರಲ್ಲಿ ಕೆಳಗಿನ ಕೆಲವು ಬೆಸೆದುಕೊಂಡು ೨೬ ಎಲುಬುಗಳಾಗುತ್ತವೆ. ಪಕ್ಕದಿಂದ ನೋಡಿದರೆ ಎಲ್ಲರ ಬೆನ್ನೂ ಅಲ್ಲಲ್ಲಿ ಬಾಗಿಯೇ ಇರುತ್ತದೆ, ಅದು ಸಹಜ. ಹಿಂದಿನಿಂದ ನೋಡಿದಾಗ ಒಂದು ಬದಿಗೆ ೧೦ ಡಿಗ್ರಿಯಷ್ಟಾದರೂ ಓರೆಯಿದ್ದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ೨೫ರೊಳಗಿದ್ದರೆ ಸಾಮಾನ್ಯವಾಗಿ ಸೌಮ್ಯವೆಂದೇ ಲೆಕ್ಕ. ಬಹುತೇಕ ಮಂದಿಯಲ್ಲಿ ಇದಕ್ಕೆ ಕಾರಣವೇ ತಿಳಿಯುವುದಿಲ್ಲ. ಪುಸ್ತಕದ ಚೀಲವನ್ನು ಹೊತ್ತುದರಿಂದ ಬಂದುದಲ್ಲ. ಯಾರ ತಪ್ಪೂ ಅಲ್ಲ. ಆದರೆ ಮಕ್ಕಳು ಬೇಗ ಬೇಗ ಎತ್ತರ ಬೆಳೆಯುವ ವರ್ಷಗಳಲ್ಲಿ ಈ ಓರೆ ಹೆಚ್ಚಬಹುದಾದುದರಿಂದ, ಆ ವಯಸ್ಸಿನಲ್ಲಿ ವೈದ್ಯರಿಗೆ ತೋರಿಸುವುದು ಬಹಳ ಅಗತ್ಯ. ಜಮೈಕಾ ದೇಶದ ಉಸೇನ್ ಬೋಲ್ಟ್‌ಗೂ ಈ ತೊಂದರೆಯಿದ್ದಿತು. ಆತ ೨೦೦೯ರಲ್ಲಿ ಬರ್ಲಿನ್ನಿನಲ್ಲಿ ನೂರು ಮೀಟರನ್ನು ೯.೫೮ ಸೆಕೆಂಡಿನಲ್ಲಿ ಓಡಿದನು. ನಾನಾದರೋ ಅಷ್ಟು ಹೊತ್ತಿನಲ್ಲಿ ಚಾಳಿನ ಒಂದು ಮೆಟ್ಟಿಲಸಾಲನ್ನು ಹತ್ತುತ್ತೇನೆ.

"ಕಲಿಯುವುದನ್ನು ಬಿಡಬೇಕಾಗಿಲ್ಲ. ಹೊಟ್ಟೆ, ಬೆನ್ನುಗಳ ಸ್ನಾಯುಗಳು ಗಟ್ಟಿಯಾಗಲಿ. ಕಾಲಿಗೆ ನೋವು ಇಳಿದರೆ, ಜೋಮು ಹಿಡಿದರೆ ಕೂಡಲೆ ನಿಲ್ಲಿಸಿ" ಎಂದು ವೈದ್ಯರು ಚೀಟಿ ಬರೆದುಕೊಟ್ಟರು. ಅದನ್ನೋದಿದ ಗುರುಗಳು ನನ್ನ ಪಾಠವನ್ನೇ ಬದಲಾಯಿಸಿದರು. ಒದೆತವು ಸೊಂಟದೆತ್ತರಕ್ಕಿಂತ ಮೇಲೆ ಹೋಗಬಾರದು. ಬಲಗಡೆಗೆ ಒಂದು ಬಾರಿ ಮಾಡಿದುದನ್ನು ಎಡಗಡೆಗೆ ಎರಡು ಬಾರಿ, ನಿಧಾನವಾಗಿ ಮಾಡಬೇಕು. ಭುಜವನ್ನು ಒತ್ತುವುದನ್ನು ಅವರು ಅಂದಿಗೇ ಬಿಟ್ಟರು.

ಮುಂದಿನ ಫೆಬ್ರವರಿಯಲ್ಲಿ ಹಳದಿ ಪಟ್ಟಿಯ ಪರೀಕ್ಷೆ ನಡೆಯಿತು. 'ಹೇಯಾನ್ ಶೋದಾನ್' ಎಂಬ ೨೧ ಚಲನೆಗಳ ಕಾತಾವನ್ನು ಮಾಡಿ ತೋರಿಸಬೇಕಾಗಿದ್ದಿತು. ಅದರ ಮೂಲವನ್ನು ಫುನಾಕೋಶಿಯವರ ಗುರುಗಳಾದ ಆಂಕೋ ಇತೋಸು ಅವರು ಶಾಲೆಯ ಮಕ್ಕಳಿಗಾಗಿಯೇ ರಚಿಸಿದ್ದರೆಂಬುದನ್ನು ನೆನೆದು ಧೈರ್ಯ ತಂದುಕೊಂಡೆ. ಹತ್ತನೆಯ ಚಲನೆಯಲ್ಲಿ ತಿರುಗುವುದನ್ನು ಮರೆತೆ. ಪಕ್ಕದ ಪುಟ್ಟ ಹುಡುಗಿ ಕಣ್ಣಿನಿಂದಲೇ ಸನ್ನೆ ಮಾಡಿದಳು. ಹೇಗೋ ತೇರ್ಗಡೆಯಾದೆ. ವರ್ಷದ ನಂತರ ಮತ್ತೆ ಅಳೆಸಿದಾಗ ಬೆನ್ನು ಮೊದಲಿನ ಹದಿನಾಲ್ಕು ಡಿಗ್ರಿಯಲ್ಲಿಯೇ ಇದ್ದಿತು. ಕರಾಟೆ ಅದನ್ನು ನೆಟ್ಟಗೆ ಮಾಡಲಿಲ್ಲ. ಆದರೆ ಎರಡು ಅವಧಿ ನಿಂತು ಪಾಠ ಹೇಳಿದರೆ ಈಗ ಸೊಂಟ ಹಿಡಿಯುವುದಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಆಟದ ಅವಧಿಗೆ ರಜೆ ಕೇಳಿ ಯಾರೇ ಚೀಟಿ ತಂದರೂ ನಾನು ಒಂದು ಮಾತನ್ನೂ ಕೇಳದೆ ಸಹಿ ಹಾಕುತ್ತಿದ್ದೆ. ಅದನ್ನು ಕರುಣೆಯೆಂದು ಬಗೆದಿದ್ದೆ. ಈಗ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು, "ವೈದ್ಯರು ನೋಡಿದ್ದಾರೆಯೇ? ಏನೆಂದರು?" ಎಂದು ಕೇಳುತ್ತೇನೆ. ಕೇಳಿದಾಗ ಬೇಸರಿಸದೆ ಹೇಳಿ. ನಿಮ್ಮ ಮಾತು ನನ್ನಲ್ಲಿಯೇ ಉಳಿಯುತ್ತದೆ.

ಕಳೆದ ದೀಪಾವಳಿಗೆ ತಂದೆಯವರು ಮುಂಬಯಿಗೆ ಬಂದಿದ್ದರು. ನಸುಕಿನಲ್ಲಿ ಚಾಳಿನ ಮೊಗಸಾಲೆಯಲ್ಲಿ ನಾನು ಅಭ್ಯಾಸ ಮಾಡುತ್ತಿದ್ದಾಗ, ಅವರು ಚಹದ ಬಟ್ಟಲನ್ನು ಹಿಡಿದು ಹೊಸ್ತಿಲಲ್ಲಿ ಬಂದು ಕುಳಿತರು. ನಾನು ಅರೆಕ್ಷಣ ತಡೆದು, ಅಂಗಿಯನ್ನು ತೆಗೆದು ಗೂಟಕ್ಕೆ ಹಾಕಿದೆ. ಅವರು ಬಹಳ ಹೊತ್ತು ನನ್ನ ಬೆನ್ನನ್ನೇ ನೋಡಿದರು.

"ಇನ್ನೂ ಓರೆ ಐತಿ" ಎಂದರು.

"ಹೌದಪ್ಪಾ" ಎಂದೆ.

ಅವರು ಚಹವನ್ನು ಕುಡಿದು ಮುಗಿಸಿದರು. ಬಟ್ಟಲನ್ನು ಕೆಳಗಿಟ್ಟು, "ಇರಲಿ. ಮುಂದಿಂದು ಮಾಡಿ ತೋರ್ಸು" ಎಂದರು.