ಎರಡು ಕೊಳಗ

ಮಳೆಗಾಲದ ರಾತ್ರಿ ಬಚ್ಚಲೊಲೆಯ ಕೆಂಡಕ್ಕೆ ಹಲಸಿನ ಬೀಜ ಹಾಕಿ ಕೂತರೆ ಸಾಕು, ಅಜ್ಜ ತಾನಾಗಿ ಮಾತಿಗೆ ಶುರುಮಾಡುತ್ತಿದ್ದ. ಅಂಕೋಲೆ ತಾಲೂಕಿನ ಗಂಗಾವಳಿ ದಂಡೆಯ ಊರು ನಮ್ಮದು. ಹೊರಗೆ ಗದ್ದೆ ತುಂಬ ಕಪ್ಪೆಗಳ ಕೂಗು, ಒಳಗೆ ಹೊಗೆ, ಆ ಹೊಗೆಯ ನಡುವೆ ಅಜ್ಜನ ದನಿ.

ಉಪ್ಪಿನ ಸತ್ಯಾಗ್ರಹದ ಕಥೆ ನಮಗೆ ಬಾಯಿಪಾಠವಾಗಿತ್ತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದ್ದು, ಮೊದಲ ಪೊಟ್ಟಣವನ್ನು ಹರಾಜಿನಲ್ಲಿ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಹಿಡಿದದ್ದು. ಆಮೇಲಿನ ಕರನಿರಾಕರಣೆ, ಜಪ್ತಿ, ಜೈಲು. ಹೋದ ಜಮೀನು 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ತಿರುಗಿ ಸಿಕ್ಕಿತು. ಇದನ್ನೆಲ್ಲ ಅಜ್ಜ ಹೆಮ್ಮೆಯಿಂದಲೇ ಹೇಳುತ್ತಿದ್ದ. ಆದರೆ ದಿನಕರ ದೇಸಾಯರ ಸುದ್ದಿ ಬಂದಾಗ ಮಾತ್ರ ಅವನ ದನಿ ತಗ್ಗುತ್ತಿತ್ತು, ಮೂವತ್ತೈದು ವರ್ಷಗಳ ನಂತರವೂ ಯಾರೋ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾರೇನೋ ಎಂಬಂತೆ.

ಅಜ್ಜ ಗೇಣಿ ಒಕ್ಕಲು. ಸುಗ್ಗಿಯಲ್ಲಿ ಒಡೆಯರ ಕಡೆಯವರು ಕಣಕ್ಕೆ ಬಂದು ಭತ್ತ ಅಳೆಯುತ್ತಿದ್ದರು. ಅವರ ಮನೆಯಲ್ಲಿ ಎರಡು ಕೊಳಗವಿದ್ದವಂತೆ. ಗೇಣಿ ಅಳೆದುಕೊಳ್ಳುವಾಗ ಒಂದು, ಆಷಾಢದಲ್ಲಿ ಹಸಿದ ಒಕ್ಕಲಿಗೆ ಸಾಲದ ಭತ್ತ ಕೊಡುವಾಗ ಇನ್ನೊಂದು. ಅಜ್ಜ ಎರಡೂ ಕೈಯನ್ನು ಗುಂಡಗೆ ಮಾಡಿ ತೋರಿಸುತ್ತಿದ್ದ: ಇಷ್ಟು ಬಾಯಿ ಅದಕ್ಕೆ, ಇಷ್ಟು ಬಾಯಿ ಇದಕ್ಕೆ. ಬೆರಳಗಲದ ಫರಕು. ಆ ಬೆರಳಗಲದಲ್ಲೇ ನಮ್ಮ ಮನೆಯ ಮೂರು ತಿಂಗಳ ಗಂಜಿ ಹೋಗುತ್ತಿತ್ತು. ಮೇಲೆ ಬಿಟ್ಟಿ ಬೇಗಾರಿ ಬೇರೆ.

ದೇಸಾಯರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜ ಸೇರಿ, ಹಡಗಿನ ಖಲಾಸಿಗಳ ಸಂಘದಲ್ಲಿ ದುಡಿಯುತ್ತಿದ್ದವರು. ಹುಟ್ಟಿದ್ದು 1909ರಲ್ಲಿ, ನಮ್ಮ ಅಂಕೋಲೆಯ ಸೀಮೆಯಲ್ಲೇ. ಅವರು ಊರಿಗೆ ಬಂದು ಒಕ್ಕಲುಗಳನ್ನು ಕೂಡಿಸಿ, ಉಳುವವನೇ ಹೊಲದೊಡೆಯ ಎಂದರು. ಆ ಮಾತು ಕೇಳಿ ಮೊದಲು ಹೆದರಿಕೆಯೇ ಆಯಿತು ಎನ್ನುತ್ತಿದ್ದ ಅಜ್ಜ. ಹಾಗಂತ ಯೋಚಿಸುವುದೂ ತಪ್ಪು ಎಂದುಕೊಂಡು ಬೆಳೆದವರು ಆ ಒಕ್ಕಲುಗಳು. ಬ್ರಿಟಿಷ್ ಸರ್ಕಾರಕ್ಕೆ ಎದುರು ನಿಂತವರಿಗೆ ಊರೇ ಆರತಿ ಎತ್ತಿತ್ತು. ಒಡೆಯರಿಗೆ ಎದುರು ನಿಂತವರಿಗೆ ಅಷ್ಟು ಸುಲಭವಾಗಿ ಆರತಿ ಏಳಲಿಲ್ಲ. ಎರಡನೆಯದಕ್ಕೇ ಹೆಚ್ಚಿನ ಎದೆಗಾರಿಕೆ ಬೇಕಿತ್ತೆಂದು ನನಗೆ ಈಗಲೂ ಅನಿಸುತ್ತದೆ.

1940ರಲ್ಲಿ ಮುಂಬಯಿ ಸರ್ಕಾರ ದೇಸಾಯರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಅಂಕೋಲೆಯಲ್ಲಿ ಹುಟ್ಟಿದವನಿಗೆ ಕಾರವಾರದ ಬಂದರಿನಲ್ಲಿ ಆಗಬೋಟಿನಿಂದ ಇಳಿಯಲಿಕ್ಕಿಲ್ಲ, ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿದು ಬರಲಿಕ್ಕಿಲ್ಲ. ಒಂದೆರಡು ತಿಂಗಳಲ್ಲ, ಐದು ವರ್ಷ.

“ಅಂವ ಎಂಥ ತಪ್ಪು ಮಾಡಿದ್ದ? ಕದ್ದಿದ್ನ? ಕೊಂದಿದ್ನ?” ಅಜ್ಜ ಒಲೆಯನ್ನೇ ಕೇಳುತ್ತಿದ್ದ. ಬೂದಿ ಕೆದಕಿ ಬೀಜ ಹೊರಗೆಳೆದು, ಸಿಪ್ಪೆ ಸುಲಿದು ನಮ್ಮ ಅಂಗೈಗೆ ಹಾಕುತ್ತ ಮುಂದುವರಿಸುತ್ತಿದ್ದ: “ಒಬ್ಬನ್ನ ಹೊರಗೆ ಹಾಕ್ರೆ ನಾವು ಇಷ್ಟೂ ಜನ ಮೂಕಾಗ್ತ್ರು ಅಂತ ಅವರ ಲೆಕ್ಕ.” ಆ ಸುಗ್ಗಿಯಲ್ಲಿ ಕಣಕ್ಕೆ ಕೊಳಗ ಬಂದಾಗ ಅಳೆಯುವವನ ಮುಖದಲ್ಲಿ ನಗುವಿತ್ತಂತೆ. ಅಜ್ಜ ಮರೆಯದೆ ಉಳಿಸಿಕೊಂಡದ್ದು ಆ ನಗುವನ್ನು.

ಯಾರಿಗೆ ದೂರು ಕೊಡುವುದು? ಅಜ್ಜನಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ರುಜು ಗೊತ್ತಿರಲಿಲ್ಲ. ಎಂಟು ವರ್ಷಗಳ ಬಳಿಕ, 1948ರ ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. ಅದರ 9ನೇ ವಿಧಿ ಮನಬಂದಂತೆ ಬಂಧಿಸುವುದನ್ನು, ಕೂಡಿಹಾಕುವುದನ್ನು, ಗಡೀಪಾರು ಮಾಡುವುದನ್ನು ಒಂದೇ ಉಸಿರಿನಲ್ಲಿ ಬೇಡವೆನ್ನುತ್ತದೆ. ಕಾಲೇಜಿನಲ್ಲಿ ಅದನ್ನು ಮೊದಲ ಸಲ ಓದಿದಾಗ ಗಡೀಪಾರು ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಅದನ್ನು ರೂಪಿಸಿದ ಆಯೋಗದಲ್ಲಿ ಹಂಸಾ ಮೆಹ್ತಾ ಇದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು ಬಂದವರು, ನಮ್ಮ ಜಿಲ್ಲೆಯೂ ಸೇರಿದ್ದ ಅದೇ ಮುಂಬಯಿ ಪ್ರಾಂತದವರು. ಮೊದಲ ವಿಧಿಯಲ್ಲಿ ಎಲ್ಲ ಪುರುಷರೂ ಎಂದಿದ್ದುದನ್ನು ಎಲ್ಲ ಮಾನವರೂ ಎಂದು ತಿದ್ದಿಸಿದವರು ಅವರೇ. ಆರೋಪಪಟ್ಟಿಯಿಲ್ಲದೆ ಯಾರನ್ನೋ ಒಳಗಿಟ್ಟಾಗ ದೂರದ ದೇಶದ ಸಂಘಟನೆ ಬಿಡುಗಡೆಗೆ ಮನವಿ ಬರೆದರೆ, ಅವರಿಗೇಕೆ ನಮ್ಮ ಮನೆಯ ಉಸಾಬರಿ ಎಂದು ಕೇಳುವವರಿದ್ದಾರೆ. ಅಂಥ ಒಂದು ಕಾಗದವೂ ಯಾರಿಂದಲೂ ಬಾರದ ಕಾಲದಲ್ಲಿ ಒಲೆಯನ್ನು ಪ್ರಶ್ನೆ ಕೇಳಿದವನ ಮೊಮ್ಮಗ ನಾನು. ನನಗೆ ಹಾಗೆ ಕೇಳಲು ಬಾಯಿ ಬರುವುದಿಲ್ಲ.

1945ರಲ್ಲಿ ಗಡೀಪಾರಿನ ಅವಧಿ ಮುಗಿಯಿತು. ದೇಸಾಯರು ಮುಂದೆ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು, ಶಾಲೆ ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟೆನರಿ ಕಾಲೇಜು ಬಂತು. ನಮ್ಮ ವಂಶದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ್ದು ನನ್ನ ಚಿಕ್ಕಪ್ಪ, ಅಲ್ಲಿಯೇ.

ಗೇಣಿ ಹೋದದ್ದು 1974ರ ಭೂಸುಧಾರಣೆ ತಿದ್ದುಪಡಿಯಿಂದ. ಫಾರ್ಮ್ ನಂಬರ್ 7ಕ್ಕೆ ಹೆಬ್ಬೆಟ್ಟು ಒತ್ತಿ ಬಂದ ದಿನ ಅಜ್ಜ ಸಂಜೆಯವರೆಗೂ ಬೆರಳಿನ ಮಸಿ ತೊಳೆಯಲಿಲ್ಲ. ಆಮೇಲಿನ ಸುಗ್ಗಿಯಲ್ಲಿ ಭತ್ತದ ರಾಶಿ ಕಣದಲ್ಲೇ ಉಳಿಯಿತು. ಚಳಿಗೆ ಮನೆಯೊಳಗೆ ಬಾ ಎಂದು ಅಜ್ಜಿ ಎರಡು ಸಲ ಕರೆದಳು. ಅಜ್ಜ ಕಂಬಳಿ ಹೊದ್ದು ರಾಶಿಯ ಪಕ್ಕದಲ್ಲಿ ಮಲಗಿದ್ದ. ಬೆಳಗಾಯಿತು. ಅಳೆಯಲು ಯಾರೂ ಬರಲಿಲ್ಲ.