ಪಾವಗಡದ ಸೀಮೆಯ ನೀರು

ತುಮಕೂರಿನಿಂದ ಮಧುಗಿರಿಯ ಮಾರ್ಗವಾಗಿ ಉತ್ತರಕ್ಕೆ ಹೊರಟವರಿಗೆ ಪಾವಗಡವು ಸಮೀಪಿಸಿತೆಂಬುದನ್ನು ಬೋಳುಬಂಡೆಗಳೂ ಕಡಲೆಕಾಯಿಯ ಹೊಲಗಳೂ ತಿಳಿಸುವುವು. ಬೆಟ್ಟದ ಮೇಲೆ ಹಳೆಯ ದುರ್ಗ, ಕೆಳಗೆ ಶನೈಶ್ಚರನ ದೇವಾಲಯ. ಉತ್ತರಪಿನಾಕಿನಿಯು ಈ ಸೀಮೆಯಲ್ಲಿ ಹರಿಯುವುದು ನಿಜ. ಆದರೆ ಬಹುಕಾಲ ಕಣ್ಣಿಗೆ ಬೀಳುವುದು ಮರಳೇ. ಆದುದರಿಂದ ಜನರು ಕೊಳವೆಬಾವಿಗಳನ್ನು ನಂಬಿದರು.

ಇಲ್ಲಿಯ ಒಂದು ಹಳ್ಳಿಯಲ್ಲಿ ನಾವು ಬಿಸಿಲಿಳಿಯುವವರೆಗೆ ತಂಗಿದ್ದೆವು. ಮಜ್ಜಿಗೆ ತಂದುಕೊಟ್ಟ ಹುಡುಗಿಯು ನಗುವಾಗಲೆಲ್ಲ ಬಾಯಿಗೆ ಕೈಯನ್ನು ಅಡ್ಡ ಹಿಡಿಯುತ್ತಿದ್ದಳು. ಅವಳ ಹಲ್ಲುಗಳ ಮೇಲೆ ಕಂದುಬಣ್ಣದ ಗೆರೆಗಳಿದ್ದುವು. “ಬೇವಿನಕಡ್ಡಿಯಾಯಿತು, ಇದ್ದಿಲಾಯಿತು, ಪೇಸ್ಟೂ ಆಯಿತು ಸ್ವಾಮಿ, ಕಲೆ ಹೋಗಲಿಲ್ಲ” ಎಂದರು ಮನೆಯ ಯಜಮಾನರು.

ಹೋಗುವುದಾದರೂ ಹೇಗೆ? ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದು ಹೆಸರು. ಎರಡು ಬಾರಿ ಹುಟ್ಟುವುದೆಂದು ಅರ್ಥ. ಎರಡನೆಯ ಸಲ ಹುಟ್ಟುವ ಹಲ್ಲಿನ ಹೊರಕವಚವು ಬಹುಮಟ್ಟಿಗೆ ಮಗುವಿನ 8 ವರ್ಷದೊಳಗೆ, ವಸಡಿನ ಮರೆಯಲ್ಲಿಯೇ ಸಿದ್ಧವಾಗುವುದು. ಆ ಕಾಲದಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಹಲ್ಲು ದೋಷವನ್ನು ಹೊತ್ತುಕೊಂಡೇ ಹೊರಬರುವುದು. ಇದು ಕೊಳೆಯಲ್ಲ, ಹುಡುಗಿಯ ಅಲಕ್ಷ್ಯವೂ ಅಲ್ಲ. ಅನೇಕ ವರ್ಷ ಅದೇ ನೀರನ್ನು ಕುಡಿದರೆ ಮೂಳೆ ಕೀಲುಗಳಿಗೂ ಬಾಧೆ ತಪ್ಪದು.

ಕಣಶಿಲೆಯೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುವುದು. ಆಳದಲ್ಲಿ ಬಹುಕಾಲ ನಿಂತ ನೀರಿಗೆ ಅದು ಇಳಿಯುವುದು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದೆಂದು ನಮ್ಮ ದೇಶದ ನಿಯಮ. ಕಾಯಿಸಿದರೆ ಈ ದೋಷ ಕಳೆಯದು. ನೀರು ಇಂಗಿದಷ್ಟೂ ಹೆಚ್ಚುವುದು.

ಅಮೆರಿಕದ ಇಡಾಹೊ ಪ್ರಾಂತದ ಓಕ್ಲೆ ಎಂಬ ಊರಿನಲ್ಲಿಯೂ ಮಕ್ಕಳ ಹಲ್ಲುಗಳು ಹೀಗೆಯೇ ಇದ್ದುವು. ಹೊಸದಾಗಿ ಕೊಳಾಯಿಯಲ್ಲಿ ತಂದ ಬಿಸಿನೀರಿನ ಬುಗ್ಗೆಯ ಮೇಲೆ ತಾಯಂದಿರಿಗೆ ಸಂಶಯ ಹುಟ್ಟಿತು. 1923ರಲ್ಲಿ ಮೆಕೇ ಎಂಬ ದಂತವೈದ್ಯರು ಬಂದು ನೋಡಿ, ಆ ನೀರನ್ನು ಬಿಡಿರೆಂದರು. ಊರವರು ಬೇರೊಂದು ಬುಗ್ಗೆಯ ನೀರನ್ನು ತಂದರು. ಆಮೇಲಿನ ಮಕ್ಕಳಿಗೆ ಶುಭ್ರವಾದ ಹಲ್ಲುಗಳೇ ಬಂದುವು. ಕಾರಣವು ಫ್ಲೋರೈಡೆಂದು ತಿಳಿದುದು 1931ರಲ್ಲಿ. ನಮ್ಮಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗಳ ವಿಷಯವಾಗಿ ವೈದ್ಯರು ಬರೆದುದು 1937ರಲ್ಲಿ.

ನಾವು ತಂಗಿದ್ದ ಹಳ್ಳಿಗೆ ಈಗ ಶುದ್ಧನೀರಿನ ಘಟಕ ಬಂದಿದೆ. ಆದರೂ ಕ್ಯಾನಿನ ನೀರು ಕುಡಿಯುವುದಕ್ಕೆ ಮಾತ್ರ. ಅನ್ನ ಸಾರುಗಳಿಗೆ ಕೊಳವೆಬಾವಿಯದೇ. ಮಗುವಿಗೆ ಗಂಜಿ ಕಾಯಿಸುವ ನೀರೂ ಕುಡಿಯುವ ನೀರೇ ಅಲ್ಲವೆ? ಇಂತಹ ಸೀಮೆಯ ಗೃಹಿಣಿಯರು ಇನ್ನೆರಡು ಬಿಂದಿಗೆ ಹೆಚ್ಚಾಗಿ ತರಿಸಬೇಕು. ಬಂದ ಕಲೆಯನ್ನು ಉಜ್ಜಿ ಕಳೆಯಲಾಗದು. ಬಾರದಂತೆ ತಡೆಯುವ ಕಾಲವು ಹಲ್ಲು ಇನ್ನೂ ಕಾಣದಿರುವಾಗಲೇ.